ಲಿಲಿ ಎಂದ ಮಾತ್ರಕ್ಕೆ ಲಿಲಿ ಕುಟುಂಬವಲ್ಲ

ಮಾನ್ಯ ಸಂಪಾದಕರಿಗೆ,

ಸಹ್ಯಾದ್ರಿಯ ಮಳೆಗಾಲದ ಹೂಗಳ ಬಗ್ಗೆ ನಿಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಲೇಖನ ಹೊತ್ತಿಗೆ ಸರಿಯಾಗಿ ಬಂದಿದೆ. ಪುಣೆ, ಮುಂಬೈಗಳ ಕನ್ನಡಿಗರು ಸಿಂಹಗಡ, ಲೋಣಾವಳ, ಕಾಸ್ ಎಂದು ಹೊರಡುವ ದಿನಗಳಿವು. ಆದರೆ ಅದರ ಒಂದು ವಾಕ್ಯವನ್ನು ತಿದ್ದಲೇಬೇಕು. ಅಗ್ನಿಶಿಖೆ, ಬಿಳಿ ಮುಸಲಿ, ಶತಾವರಿ, ಈರುಳ್ಳಿ, ಲೋಳೆಸರ, ಸುಗಂಧರಾಜ ಇವೆಲ್ಲ ‘ಲಿಲಿಯೇಸಿ ಎಂಬ ಒಂದೇ ಕುಟುಂಬದ ಅಕ್ಕತಂಗಿಯರು, ಹಾಗಾಗಿ ಗುಣದಲ್ಲೂ ಹತ್ತಿರ’ ಎಂದು ಅಲ್ಲಿದೆ. ಹಳೆಯ ಪಠ್ಯದ ಪ್ರಕಾರವೂ ಸುಗಂಧರಾಜ ಈ ಪಟ್ಟಿಗೆ ಸೇರುತ್ತಿರಲಿಲ್ಲ. ಈಗಿನ ವರ್ಗೀಕರಣದಲ್ಲಂತೂ ಈ ಆರರಲ್ಲಿ ಒಂದೂ ಲಿಲಿಯೇಸಿಯಲ್ಲಿ ಉಳಿದಿಲ್ಲ. ಅಗ್ನಿಶಿಖೆ ಕಾಲ್ಚಿಕೇಸಿಗೆ ಹೋಗಿದೆ, ಈರುಳ್ಳಿ ಅಮರಿಲ್ಲಿಡೇಸಿಗೆ, ಲೋಳೆಸರ ಆಸ್ಫೊಡೆಲೇಸಿಗೆ. ಉಳಿದ ಮೂರೂ ಆಸ್ಪರಾಗೇಸಿಯವು. ‘ಗುಣದಲ್ಲೂ ಹತ್ತಿರ’ ಎಂಬ ಮಾತು ಇನ್ನೂ ಅಪಾಯದ್ದು. ಆ ಆರರಲ್ಲಿ ಒಂದರ ಗಡ್ಡೆ ಜೀವ ತೆಗೆಯುವಂಥದ್ದು.

ಇಷ್ಟೆಲ್ಲ ಗಿಡಗಳು ಒಂದೇ ಹೆಸರಿನಡಿ ಸೇರಿದ್ದು ಹೇಗೆ ಎಂಬುದನ್ನು ಮೊದಲು ನೋಡೋಣ. ಲಿಲಿಯೇಸಿ ಎಂಬ ಕುಟುಂಬವನ್ನು 1789ರಲ್ಲಿ ಫ್ರಾನ್ಸಿನ ಜುಸ್ಯೂ ಹೆಸರಿಸಿದ. ಹೂವಿನ ಲೆಕ್ಕ ಸರಳ: ಹೊರಗೆ ಮೂರು ಒಳಗೆ ಮೂರು ದಳ, ಆರು ಕೇಸರ, ಮೂರು ಕೋಣೆಯ ಅಂಡಾಶಯ. ಈ ಲೆಕ್ಕಕ್ಕೆ ಹೊಂದಿದ ಏಕದಳ ಸಸ್ಯ ಸಿಕ್ಕಾಗಲೆಲ್ಲ ಅದನ್ನು ಇಲ್ಲಿಗೆ ಸೇರಿಸುತ್ತ ಹೋದರು. ಅಮೆರಿಕದ ಸಸ್ಯಶಾಸ್ತ್ರಜ್ಞ ಕ್ರಾಂಕ್ವಿಸ್ಟ್ 1981ರಲ್ಲಿ ಪಟ್ಟಿ ಮಾಡುವ ಹೊತ್ತಿಗೆ ಲಿಲಿಯೇಸಿ ಸುಮಾರು 280 ಕುಲ, 4000 ಪ್ರಭೇದಗಳ ಚಾಳಾಗಿತ್ತು, ಅಂದರೆ ಹಲವು ಸಂಸಾರಗಳ ವಠಾರವಾಗಿತ್ತು. ಗಿರಣಿ ಕಾರ್ಮಿಕರ ಗಿರಣಗಾಂವದ ಚಾಳಿನಲ್ಲಿ ಒಂದೇ ನಲ್ಲಿಯ ನೀರು ಕುಡಿದವರೆಲ್ಲ ಒಂದೇ ಊರಿನವರಲ್ಲ ಎಂಬುದು ಮುಂಬೈಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮ ಭಾಗದಲ್ಲಿ ಹಳೆಯ ಪದ್ಧತಿ ಗಟ್ಟಿಯಾಗಿ ನಿಂತದ್ದಕ್ಕೆ ಕಾರಣವಿದೆ. ಬ್ರಿಟನ್ನಿನ ಸಸ್ಯಶಾಸ್ತ್ರಜ್ಞರಾದ ಬೆಂಥಮ್ ಮತ್ತು ಹೂಕರ್ 1862ರಿಂದ 1883ರವರೆಗೆ ಪ್ರಕಟಿಸಿದ ವರ್ಗೀಕರಣವೇ ಬ್ರಿಟಿಷ್ ಭಾರತದ ಸಸ್ಯಸಂಗ್ರಹಾಲಯಗಳ ಕಪಾಟಿನ ಕ್ರಮವಾಯಿತು. ಪುಣೆಯ ಕಾಲೇಜ್ ಆಫ್ ಸೈನ್ಸಿನ ಪ್ರಾಂಶುಪಾಲರಾಗಿದ್ದ ಥಿಯೋಡೋರ್ ಕುಕ್ 1901ರಿಂದ 1908ರವರೆಗೆ ಹೊರತಂದ ಮುಂಬೈ ಪ್ರಾಂತದ ಸಸ್ಯಸಂಪುಟಗಳೂ ಅದೇ ಜಾಡಿನವು. ಇಂದಿಗೂ ಸಹ್ಯಾದ್ರಿಯ ಗಿಡ ಗುರುತಿಸಲು ಕುಕ್ ಅವರನ್ನು ತೆರೆಯದೆ ಕೆಲಸ ಸಾಗುವುದಿಲ್ಲ. ವರ್ಣನೆ ಅಷ್ಟು ನಿಖರ, ಕುಟುಂಬದ ಹೆಸರು ಮಾತ್ರ ಆ ಕಾಲದ್ದು.

ಬೆಂಥಮ್–ಹೂಕರ್ ಪದ್ಧತಿ ಅಂಡಾಶಯದ ಜಾಗಕ್ಕೆ ಬಹಳ ಬೆಲೆ ಕೊಟ್ಟಿತು. ಅಂಡಾಶಯ ದಳಗಳಿಗಿಂತ ಮೇಲಿದ್ದರೆ ಲಿಲಿಯೇಸಿ, ಕೆಳಗಿದ್ದರೆ ಅಮರಿಲ್ಲಿಡೇಸಿ. ಹೀಗಾಗಿ ಈರುಳ್ಳಿ ಲಿಲಿಯ ಜೊತೆ ಬಂತು, ಕತ್ತಾಳೆ ಮತ್ತು ಸುಗಂಧರಾಜ ದೊಡ್ಡ ಬಿಳಿ ಹೂವಿನ ಗಡ್ಡೆಗಿಡವಾದ ಕ್ರೈನಮ್ ಜೊತೆ ಹೋದವು. ಇದನ್ನು ಮೊದಲು ಜೋರಾಗಿ ಪ್ರಶ್ನಿಸಿದ್ದು ಬ್ರಿಟಿಷ್ ಸಸ್ಯಶಾಸ್ತ್ರಜ್ಞ ಹಚಿನ್‌ಸನ್. ಎಲೆಯಿಲ್ಲದ ಒಂಟಿ ದಂಟು, ಅದರ ತುದಿಯಲ್ಲಿ ಕೊಡೆಯಂತೆ ಬಿಚ್ಚಿಕೊಳ್ಳುವ ಹೂಗೊಂಚಲು, ಮೊಗ್ಗುಗಳನ್ನು ಮುಚ್ಚಿದ ಕಾಗದದಂಥ ಹೊದಿಕೆ, ಈ ಮೂರೂ ಈರುಳ್ಳಿಯಲ್ಲೂ ಇವೆ, ಕ್ರೈನಮ್‌ನಲ್ಲೂ ಇವೆ. ಅಂಡಾಶಯಕ್ಕಿಂತ ಈ ಕೊಡೆಯೇ ಮುಖ್ಯ ಎಂದು ಅವರು 1934ರಲ್ಲಿ ಈರುಳ್ಳಿಯನ್ನು ಅಮರಿಲ್ಲಿಡೇಸಿಗೆ ಸೇರಿಸಿದರು. ಡಿಎನ್‌ಎ ಓದುವ ಕಾಲ ಇನ್ನೂ ಬಂದಿರಲಿಲ್ಲ. ಆಮೇಲೆ ಅದೇ ಸರಿ ಎಂದಾಯಿತು.

1985ರಲ್ಲಿ ಡಾಲ್‌ಗ್ರೆನ್ ಮತ್ತು ಸಂಗಡಿಗರು ಲಿಲಿಯೇಸಿಯನ್ನು ಹತ್ತಾರು ಚಿಕ್ಕ ಕುಟುಂಬಗಳಾಗಿ ಒಡೆದರು. 1993ರಲ್ಲಿ 499 ಬೀಜಸಸ್ಯಗಳ ಆರ್‌ಬಿಸಿಎಲ್ ಎಂಬ ಒಂದು ಜೀನನ್ನು ಹೋಲಿಸಿ ಚೇಸ್ ಮತ್ತಿತರರು ವಂಶವೃಕ್ಷ ಬರೆದರು. ಅದರ ಮೇಲೆ ಕಟ್ಟಿದ್ದೇ ಎಪಿಜಿ, ಅಂದರೆ ಆಂಜಿಯೋಸ್ಪರ್ಮ್ ಫೈಲೊಜೆನಿ ಗ್ರೂಪ್ ಎಂಬ ಸಸ್ಯವಿಜ್ಞಾನಿಗಳ ಗುಂಪಿನ ವರ್ಗೀಕರಣ: 1998, 2003, 2009, ಕೊನೆಯದು 2016. ಈ ನಾಲ್ಕನೆಯ ಆವೃತ್ತಿಯಲ್ಲಿ ಹೂಬಿಡುವ ಸಸ್ಯಗಳಿಗೆ 64 ಗಣ (ಗಣ ಅಂದರೆ ಹತ್ತಿರದ ಕುಟುಂಬಗಳ ಗುಂಪು), 416 ಕುಟುಂಬ. ಮೂರು ಮೂರರ ಹೂವಿನ ಲೆಕ್ಕ ಏಕದಳಗಳ ಮುತ್ತಜ್ಜನ ಕಾಲದ್ದು ಎಂದು ಇದರಿಂದ ಸ್ಪಷ್ಟವಾಯಿತು. ಮುತ್ತಜ್ಜನ ಮೂಗು ಹತ್ತು ಮನೆಗಳಲ್ಲಿ ಕಂಡರೆ ಆ ಹತ್ತೂ ಮನೆಯವರು ಒಡಹುಟ್ಟಿದವರೆಂದು ಹೇಳಲಾದೀತೇ? ಹಳೆಯ ಲಿಲಿಯೇಸಿಯ ದೋಷ ಇಷ್ಟೇ.

ಈಗ ಮನೆಗಳು ಎಲ್ಲೆಲ್ಲಿವೆ? ಲಿಲಿಯೇಲಿಸ್ ಮತ್ತು ಆಸ್ಪರಾಗೇಲಿಸ್ ಎಂಬ ಎರಡು ಬೇರೆ ಬೇರೆ ಗಣಗಳಲ್ಲಿ. ಮೊದಲನೆಯದರಲ್ಲಿ 10 ಕುಟುಂಬ, ಎರಡನೆಯದರಲ್ಲಿ 14. ನಿಜವಾದ ಲಿಲಿಯೇಸಿ ಈಗ ಚಿಕ್ಕದು, ಹೆಚ್ಚಾಗಿ ಉತ್ತರ ಗೋಳಾರ್ಧದ ತಂಪು ನಾಡಿನದು: ಹೂವಿನಂಗಡಿಯ ಲಿಲಿಯಮ್, ಶ್ರೀನಗರದ ಟ್ಯೂಲಿಪ್, ಫ್ರಿಟಿಲೇರಿಯಾ. ನೀಲಗಿರಿಯ ಉದ್ದ ಬಿಳಿ ತುತ್ತೂರಿಯ ಲಿಲಿಯೂ ಇಲ್ಲಿಯದೇ. ಇದೇ ಗಣದಲ್ಲಿ ಕಾಲ್ಚಿಕೇಸಿ ಇದೆ. ಅಗ್ನಿಶಿಖೆಯೂ, ಕಾಸ್ ಪಠಾರದ (ಪ್ರಸ್ಥಭೂಮಿಯ) ಹುಲ್ಲಿನ ನಡುವೆ ನೇರಳೆ ನಕ್ಷತ್ರದಂತೆ ಕಾಣುವ ಇಫಿಜೀನಿಯಾವೂ ಅದರವು. ಹಂಬಿನ ಸ್ಮೈಲಾಕ್ಸ್‌ಗೆ ಸ್ಮೈಲಕೇಸಿ ಎಂಬ ಸ್ವಂತ ಕುಟುಂಬ.

ಈರುಳ್ಳಿ, ಬೆಳ್ಳುಳ್ಳಿ, ಕ್ರೈನಮ್, ಅದರಂತೆಯೇ ಬಿಳಿ ಹೂವಿನ ಪ್ಯಾಂಕ್ರೇಷಿಯಮ್ ಇರುವ ಅಮರಿಲ್ಲಿಡೇಸಿ ಆಸ್ಪರಾಗೇಲಿಸ್ ಗಣದ್ದು. ಆರ್ಕಿಡ್‌ಗಳೂ ಅದೇ ಗಣದವು. ಅಂದರೆ ಈರುಳ್ಳಿಗೆ ಲಿಲಿಗಿಂತ ಮಲೆನಾಡಿನ ಸೀತಾಳೆ ದಂಡೆಯೇ ಹತ್ತಿರದ ನೆಂಟ.

ಆಸ್ಪರಾಗೇಸಿಯ ಬಗ್ಗೆ ಮಾತ್ರ ನಮಗೆ ತಕರಾರಿದೆ. ಕತ್ತಾಳೆ, ಡ್ರಸೀನಾ, ಕಾಡು ಈರುಳ್ಳಿಗಳಿಗೆ ಮೊದಲು ಬೇರೆ ಬೇರೆ ಕುಟುಂಬಗಳಿದ್ದವು. 2009ರಲ್ಲಿ ಎಲ್ಲವನ್ನೂ ಒಂದೇ ಸೂರಿನಡಿ ತಂದು ಏಳು ಉಪಕುಟುಂಬ ಮಾಡಿದರು. ವಂಶಾವಳಿ ಸರಿಯೇ, ಆದರೆ ಗಿಡ ಕೈಯಲ್ಲಿ ಹಿಡಿದು ‘ಇದು ಆಸ್ಪರಾಗೇಸಿ’ ಎನ್ನಲು ಎಲ್ಲದರಲ್ಲೂ ಕಾಣುವ ಒಂದು ಗುರುತಿಲ್ಲ. ಒಂದು ಚಾಳು ಒಡೆದು ಇನ್ನೊಂದು ಕಟ್ಟಿದಂತಾಯಿತು. ಆದ್ದರಿಂದ ಈ ಕುಟುಂಬದ ಗಿಡವಾದರೆ ಉಪಕುಟುಂಬವನ್ನೂ ಬರೆಯುವುದು ಒಳ್ಳೆಯದು. ಆಗ ತಿಳಿಯುವ ಸಂಗತಿ ಸ್ವಾರಸ್ಯದ್ದು: ಬಿಳಿ ಮುಸಲಿ, ಸುಗಂಧರಾಜ, ಕತ್ತಾಳೆ ಮೂರೂ ಅಗೇವಾಯ್ಡೇ ಉಪಕುಟುಂಬದವು, ಶತಾವರಿ ಬೇರೆ ಉಪಕುಟುಂಬದ್ದು. ಸುಗಂಧರಾಜವನ್ನಂತೂ ಕತ್ತಾಳೆಯ ಕುಲಕ್ಕೇ ಸೇರಿಸಿ ಅಗೇವ್ ಅಮೀಕಾ ಎಂದು ಕರೆಯುತ್ತಾರೆ. ಗುಲ್‌ಟೇಕಡಿಯ ಮಾರ್ಕೆಟ್ ಯಾರ್ಡಿನಲ್ಲಿ ಅದು ನಿಶಿಗಂಧವಾಗಿಯೇ ಮಾರಾಟವಾಗುತ್ತದೆ, ಆಗಲಿ.

ಮುಸಲಿಯ ವಿಷಯ ಬಂದಾಗ ಇನ್ನೊಂದು ಗೊಂದಲ. ಬಿಳಿ ಮುಸಲಿ ಕ್ಲೋರೊಫೈಟಮ್ ಕುಲದ್ದು. ಅದರಲ್ಲಿ ಹೆಸರುವಾಸಿಯಾದ ಬೋರಿವಿಲಿಯಾನಮ್ ಪ್ರಭೇದಕ್ಕೆ ಆ ಹೆಸರು ಮುಂಬೈಯ ಬೋರಿವಲಿಯಿಂದ ಬಂತು, ವಿವರಿಸಿದವರು ಸಂತಪೌ ಮತ್ತು ಫರ್ನಾಂಡಿಸ್. ಕಪ್ಪು ಮುಸಲಿ ಅಂದರೆ ನೆಲತಾಳೆ, ಕುರ್ಕುಲಿಗೋ ಆರ್ಕಿಯಾಯ್ಡಿಸ್. ಅದು ಹೈಪಾಕ್ಸಿಡೇಸಿ ಎಂಬ ಬೇರೆಯೇ ಕುಟುಂಬದ್ದು. ಬಿಳಿಯದರಲ್ಲಿ ಬೆರಳುಗಳಂತೆ ಗೊಂಚಲಾಗಿ ಇಳಿಬಿದ್ದ ಬೇರುಗಳು, ಕಪ್ಪಿನದರಲ್ಲಿ ನೆಟ್ಟಗೆ ಇಳಿದ ಒಂದೇ ಗೂಟದಂಥ ಕಾಂಡ. ಒಣಗಿಸಿ ಪುಡಿ ಮಾಡಿದ ಮೇಲೆ ಈ ಗುರುತು ಉಳಿಯದು. ಶತಾವರಿಯ ಬೇರು ಬಿಳಿ ಮುಸಲಿಯ ಹೆಸರಲ್ಲಿ ಮಾರಾಟವಾಗುವುದೂ ಗೊತ್ತಿದ್ದದ್ದೇ. ಕೊಳ್ಳುವವರು ಇಡೀ ಬೇರನ್ನೇ ಕೇಳಲಿ.

ಈಗ ಅಗ್ನಿಶಿಖೆ. ಕೊಂಕಣದಲ್ಲಿ ಗೌರಿ ಪೂಜೆಗೆ, ಗೋವೆಯಲ್ಲಿ ಗಣಪತಿಯ ಮೇಲೆ ಕಟ್ಟುವ ಮಾಟೋಳಿಗೆ ಈ ಹೂ ಬರುತ್ತದೆ. ಮರಾಠಿಯಲ್ಲಿ ಕಳಲಾವಿ. ಸಂಸ್ಕೃತದ ಲಾಂಗಲಿ ಎಂಬ ಹೆಸರು ಗಡ್ಡೆಯ ನೇಗಿಲಿನಂಥ ಬಾಗಿನಿಂದ ಬಂದದ್ದು. ಗಿಡದ ಎಲ್ಲ ಭಾಗಗಳಲ್ಲೂ ಕಾಲ್ಚಿಸಿನ್ ಇದೆ, ಗಡ್ಡೆ ಮತ್ತು ಬೀಜಗಳಲ್ಲಿ ಹೆಚ್ಚು. ಕೋಶ ವಿಭಜನೆಯನ್ನು ತಡೆಯುವ ವಸ್ತು ಇದು. ವೈದ್ಯರು ಗೌಟ್ ಎಂಬ ಕೀಲುನೋವಿಗೆ ಅತಿ ಸಣ್ಣ ಪ್ರಮಾಣದಲ್ಲಿ ಕೊಡುತ್ತಾರೆ, ತಳಿ ವಿಜ್ಞಾನಿಗಳು ಕ್ರೋಮೋಸೋಮ್ ಇಮ್ಮಡಿಸಲು ಬಳಸುತ್ತಾರೆ. ಗೆಣಸೆಂದು ತಿಳಿದು ಬೇಯಿಸಿ ತಿಂದವರಿಗೆ ಕೆಲವೇ ಗಂಟೆಗಳಲ್ಲಿ ವಾಂತಿ ಭೇದಿ ಶುರುವಾಗುತ್ತದೆ. ಬೇಯಿಸಿದರೆ ವಿಷ ಹೋಗುವುದಿಲ್ಲ. ಒಂದು ದಿನದ ಮೇಲೆ ವಾಂತಿ ಇಳಿದಂತೆ ಕಂಡು ಮನೆಯವರು ಸಮಾಧಾನಪಡುವುದೇ ಇಲ್ಲಿನ ಮೋಸ. ಮೂತ್ರಪಿಂಡ, ಹೃದಯ, ಎಲುಬಿನ ಮಜ್ಜೆಗಳಿಗೆ ಪೆಟ್ಟು ಬೀಳುವುದು ಆಮೇಲೆ. ಬದುಕಿ ಉಳಿದವರ ಕೂದಲು ಒಂದೆರಡು ವಾರಕ್ಕೆ ಉದುರುತ್ತದೆ. ಇಂಥ ಸಂದರ್ಭದಲ್ಲಿ ಮನೆಮದ್ದಿಗೆ ಕಾಯದೆ, ಉಳಿದ ಗಡ್ಡೆಯ ತುಂಡನ್ನೂ ಕಟ್ಟಿಕೊಂಡು ಆಸ್ಪತ್ರೆಗೆ ಹೋಗಬೇಕು. ಯಾವ ಗಿಡವೆಂದು ತಿಳಿದರೆ ವೈದ್ಯರಿಗೆ ಮುಂದಿನ ದಿನಗಳ ಅಂದಾಜು ಸಿಗುತ್ತದೆ.

ಲೇಖನದಲ್ಲಿ ಮೊದಲ ಮಳೆಯ ಸೊಪ್ಪುಗಳ ಮಾತೂ ಇದೆ. ಕರ್ಜತ್, ಪಾಲ್ಘರ್ ಕಡೆಯ ಆದಿವಾಸಿ ಹೆಂಗಸರು ಕಟ್ಟು ಕಟ್ಟಿ ತರುವ ಕುಳೂ ಅಥವಾ ಫೋಡಶಿ ಕ್ಲೋರೊಫೈಟಮ್‌ನ ಎಳೆ ಎಲೆ. ಅವರ ಕಣ್ಣು ತಪ್ಪುವುದು ಅಪರೂಪ. ಓದಿಕೊಂಡು ತಾವೇ ಕೀಳಲು ಹೊರಡುವವರದ್ದೇ ಭಯ, ಹೂ ಬರುವ ಮುನ್ನ ಬಹಳಷ್ಟು ಏಕದಳಗಳು ಹುಲ್ಲಿನಂತೆಯೇ ಕಾಣುತ್ತವೆ. ಕುಳೂವಿನ ಎಲೆಗಳೆಲ್ಲ ನೆಲದಿಂದಲೇ ಕಂತೆಯಾಗಿ ಏಳುತ್ತವೆ. ಅಗ್ನಿಶಿಖೆ, ಇಫಿಜೀನಿಯಾಗಳಲ್ಲಿ ಒಂದು ಕಾಂಡ ಎದ್ದು ಅದರ ಮೇಲೆ ಎಲೆ ಕೂರುತ್ತವೆ. ಅಗ್ನಿಶಿಖೆಯ ಎಲೆತುದಿಯ ಸುರುಳಿಯನ್ನು ನೋಡಿ ಗುರುತಿಸುತ್ತೇವೆ ಎಂದು ನೆಚ್ಚಬೇಡಿ, ಎಳೆಗಿಡದ ಕೆಳಗಿನ ಎಲೆಗಳಿಗೆ ಸುರುಳಿ ಇರುವುದಿಲ್ಲ. ಪ್ಯಾಂಕ್ರೇಷಿಯಮ್ ಎಲೆಗಳೂ ನೆಲದಿಂದಲೇ ಬರುತ್ತವೆ, ಅದರ ಕೆಳಗೆ ಮಾತ್ರ ಬೆರಳಿನಂಥ ಬೇರುಗಳ ಬದಲು ಪದರ ಪದರದ ಗಡ್ಡೆ ಇರುತ್ತದೆ. ಪದರದ ಗಡ್ಡೆ ಇದ್ದು ಈರುಳ್ಳಿ ವಾಸನೆ ಇಲ್ಲದಿದ್ದರೆ ಅದು ಅಡುಗೆಮನೆಗೆ ಬರಬಾರದು. ರಾನ್‌ಕಾಂದಾ ಎನ್ನುವ ಕಾಡು ಈರುಳ್ಳಿ ಇಂಥದ್ದೇ. ಅದರಲ್ಲಿ ಹೃದಯದ ಬಡಿತವನ್ನೇ ಕೆಡಿಸುವ ಅಂಶವಿದೆ. ರಸದೊಳಗಿನ ಸೂಜಿಯಂಥ ಹರಳುಗಳು ತಾಗಿದರೆ ಕೈ ತುರಿಸುತ್ತದೆ.

ವಾಸನೆ ನೋಡುವಾಗ ಒಂದು ಎಚ್ಚರಿಕೆ: ಒಂದು ಎಲೆ ಹೊಸಕಿದ ಬೆರಳಲ್ಲೇ ಮುಂದಿನದನ್ನು ಹೊಸಕಿದರೆ ಎಲ್ಲವೂ ಈರುಳ್ಳಿಯೇ ಆಗುತ್ತವೆ. ನಡುವೆ ಕೈ ತೊಳೆಯಬೇಕು.

ಕುಟುಂಬ ಗುರುತಿಸಲು ಹೂ ಅರಳಿದ ಗಿಡವೇ ಬೇಕು. ಬೇಕಾಗುವ ಸಾಮಾನು ಒಂದು ಬ್ಲೇಡು, ಹತ್ತು ಪಟ್ಟು ದೊಡ್ಡದು ಮಾಡುವ ಕೈಮಸೂರ, ಅಷ್ಟೇ. ಸಂರಕ್ಷಿತ ಪ್ರದೇಶದಲ್ಲಿ ಹೂ ಕೀಳುವಂತಿಲ್ಲ, ಅಲ್ಲಿ ಬದಿಯಿಂದ ತೆಗೆದ ಒಂದು ಫೋಟೊ ಸಾಕು. ಎಲ್ಲರೂ ಹೂವಿನ ಮುಖವನ್ನು ಮೇಲಿನಿಂದ ತೆಗೆಯುತ್ತಾರೆ, ಅದರಲ್ಲಿ ಬೇಕಾದ್ದೇನೂ ಕಾಣುವುದಿಲ್ಲ. ಮೊದಲು ಅಂಡಾಶಯ ನೋಡಿ. ದಳಗಳ ನಡುವೆ ಹಸಿರು ಗುಂಡಿನಂತೆ ಕೂತಿದ್ದರೆ ಅದು ಮೇಲಿನದು: ಅಗ್ನಿಶಿಖೆ, ಕ್ಲೋರೊಫೈಟಮ್, ಈರುಳ್ಳಿ, ಲೋಳೆಸರ. ದಳಗಳ ಬುಡದ ಕೆಳಗೆ ಉಬ್ಬಾಗಿದ್ದರೆ ಕೆಳಗಿನದು: ಕ್ರೈನಮ್, ಪ್ಯಾಂಕ್ರೇಷಿಯಮ್, ಕತ್ತಾಳೆ, ನೆಲತಾಳೆ. ಇಲ್ಲಿ ಹೆಚ್ಚು ತಪ್ಪುವುದು ಕ್ರೈನಮ್‌ನಲ್ಲಿ. ದಳಗಳು ಕೂಡಿ ಆದ ಉದ್ದ ನಳಿಕೆಯನ್ನು ಹೂವಿನ ತೊಟ್ಟೆಂದು ಭಾವಿಸಿ ಅಂಡಾಶಯವೇ ಇಲ್ಲ ಎನ್ನುತ್ತಾರೆ, ಅದು ನಳಿಕೆಯ ತೀರ ಬುಡದಲ್ಲಿರುತ್ತದೆ. ನೆಲತಾಳೆ ಇನ್ನೂ ಕಿಲಾಡಿ. ಹಳದಿ ಹೂ ನೆಲಕ್ಕೆ ಅಂಟಿದಂತಿದ್ದು, ಅಂಡಾಶಯ ಎಲೆಬುಡಗಳ ಒಳಗೆ ಹುದುಗಿರುತ್ತದೆ. ತೊಟ್ಟಿನಂತೆ ಕಾಣುವುದು ಆ ಅಂಡಾಶಯದ ನೀಳ ಕೊಕ್ಕು.

ಎರಡನೆಯದು ಹೂಗೊಂಚಲು. ಎಲ್ಲ ತೊಟ್ಟುಗಳೂ ದಂಟಿನ ಒಂದೇ ಬಿಂದುವಿನಿಂದ ಹೊರಟು, ಕೆಳಗೆ ಒಣಗಿದ ಹೊದಿಕೆ ಇದ್ದರೆ ಅಮರಿಲ್ಲಿಡೇಸಿ. ತೋಟದ ಜೆಫಿರಾಂಥಿಸ್‌ನಲ್ಲಿ, ಅಂದರೆ ರೈನ್ ಲಿಲಿಯಲ್ಲಿ ಒಂದೇ ಹೂ, ಹಾಗಾಗಿ ಕೊಡೆ ಎಲ್ಲಿ ಎಂಬ ಪ್ರಶ್ನೆ ಏಳುತ್ತದೆ. ಹೂವಿನ ತೊಟ್ಟಿನ ಬುಡದಲ್ಲಿ ಹೊದಿಕೆಯನ್ನು ಹುಡುಕಿದರೆ ಉತ್ತರ ಸಿಗುತ್ತದೆ, ಅದು ಒಂದೇ ಕಡ್ಡಿ ಉಳಿದ ಕೊಡೆ. ಹೂಗಳು ದಂಟಿನುದ್ದಕ್ಕೂ ಒಂದರ ಮೇಲೊಂದು ಇದ್ದರೆ ಆಸ್ಪರಾಗೇಸಿ ಅಥವಾ ಆಸ್ಫೊಡೆಲೇಸಿ ಕಡೆ ನೋಡಬೇಕು. ದಪ್ಪ ಎಲೆಯ ಲೋಳೆಸರ ಮತ್ತು ಕತ್ತಾಳೆಗಳನ್ನು ಬೇರ್ಪಡಿಸುವುದು ಸುಲಭ: ಎಲೆ ಮುರಿದರೆ ಒಂದರಲ್ಲಿ ಲೋಳೆ, ಇನ್ನೊಂದರಲ್ಲಿ ನಾರು. ಲೋಳೆಸರ ವರ್ಷ ವರ್ಷವೂ ಹೂ ಬಿಡುತ್ತದೆ, ಕತ್ತಾಳೆ ಒಮ್ಮೆ ಹೂ ಬಿಟ್ಟು ಸಾಯುತ್ತದೆ. ಸೌಂದರ್ಯಕ್ಕೆಂದು ಕತ್ತಾಳೆಯ ರಸ ಮುಖಕ್ಕೆ ಹಚ್ಚಿಕೊಂಡವರಿಗೆ ಉರಿ ತಪ್ಪಿದ್ದಲ್ಲ.

ಮೂರನೆಯದು ಬೀಜ. ಆಸ್ಪರಾಗೇಲಿಸ್ ಗಣದ ಬಹಳಷ್ಟು ಗಿಡಗಳ ಬೀಜದ ಮೇಲೆ ಫೈಟೊಮೆಲನ್ ಎಂಬ ಇದ್ದಿಲಿನಂಥ ಕಪ್ಪು ಪೊರೆ ಇರುತ್ತದೆ, ಲಿಲಿಯೇಲಿಸ್‌ನಲ್ಲಿ ಇರುವುದಿಲ್ಲ. ಈರುಳ್ಳಿ ಬೀಜ ಇದಕ್ಕೆ ಒಳ್ಳೆಯ ಮಾದರಿ. (ಕಿರಾಣಿ ಅಂಗಡಿಯ ಕಲೋಂಜಿ ಈರುಳ್ಳಿ ಬೀಜವಲ್ಲ, ಅದು ದ್ವಿದಳ ಗಿಡದ್ದು. ಈ ತಪ್ಪು ಅಡುಗೆ ಅಂಕಣಗಳಲ್ಲೂ ನೋಡುತ್ತೇವೆ.) ಅಗ್ನಿಶಿಖೆಯ ಬೀಜ ಕೆಂಪು ಕಿತ್ತಳೆ. ಆದರೆ ಕ್ರೈನಮ್ ಬೀಜ ದಪ್ಪ, ಹಸಿರು, ರಸಭರಿತ. ಕಪ್ಪು ಪೊರೆಯನ್ನು ಆ ವಂಶ ಕಳೆದುಕೊಂಡಿದೆ. ಕಪ್ಪಿದ್ದರೆ ಆಸ್ಪರಾಗೇಲಿಸ್ ಎಂದು ಹೇಳಬಹುದು, ಕಪ್ಪಿಲ್ಲದಿದ್ದರೆ ಏನನ್ನೂ ಹೇಳುವಂತಿಲ್ಲ. ಮಕರಂದ ಎಲ್ಲಿ ಒಸರುತ್ತದೆ ಎಂಬುದೂ ನೆರವಿಗೆ ಬರುತ್ತದೆ. ಲಿಲಿಯೇಲಿಸ್‌ನಲ್ಲಿ ಸಾಮಾನ್ಯವಾಗಿ ದಳದ ಬುಡದಲ್ಲಿ, ಆಸ್ಪರಾಗೇಲಿಸ್‌ನಲ್ಲಿ ಅಂಡಾಶಯದ ಕೋಣೆಗಳ ನಡುವಿನ ಗೋಡೆಯಲ್ಲಿ. ಇದಕ್ಕೆ ಮಸೂರ ಬೇಕೇ ಬೇಕು.

ಹೆಸರಲ್ಲಿ ಲಿಲಿ ಇದ್ದೂ ಈ ಎರಡು ಗಣಗಳ ಹತ್ತಿರಕ್ಕೂ ಬಾರದವು ಹಲವು. ವಾಟರ್ ಲಿಲಿ, ಅಂದರೆ ನೈದಿಲೆ, ಏಕದಳವೇ ಅಲ್ಲ. ಪೀಸ್ ಲಿಲಿ ಕೆಸುವಿನ ಕುಟುಂಬದ್ದು. ಜಿಂಜರ್ ಲಿಲಿ ಎಂಬ ಸುರುಳಿ ಸುಗಂಧಿ, ಮರಾಠಿಯ ಸೋನ್‌ಟಕ್ಕಾ, ಶುಂಠಿಯ ಕುಟುಂಬದ್ದು. ಕೆನಾ ಲಿಲಿಗೆ ಅದರದೇ ಕುಟುಂಬ.

ಹಳೆಯ ಪದ್ಧತಿಯನ್ನು ಕಸದ ಬುಟ್ಟಿಗೆ ಹಾಕಿ ಎನ್ನುತ್ತಿಲ್ಲ. ಸಂಗ್ರಹಾಲಯದ ಸಾವಿರಾರು ಹಾಳೆಗಳನ್ನು ಪ್ರತಿ ಸಲ ಹೊಸ ಕಪಾಟಿಗೆ ಸರಿಸಲು ಆಗದು. ಬೆಂಥಮ್–ಹೂಕರ್ ಕ್ರಮದಲ್ಲಿ ಜೋಡಿಸಿಟ್ಟರೂ ಹಾಳೆಯ ಮೇಲೆ ಹೊಸ ಕುಟುಂಬದ ಚೀಟಿ ಅಂಟಿಸಬಹುದು. ಹಳೆಯ ಚೀಟಿಯನ್ನು ಮಾತ್ರ ಕೀಳಬಾರದು, ಯಾರು ಯಾವಾಗ ಏನೆಂದು ಗುರುತಿಸಿದರು ಎಂಬುದಕ್ಕೆ ಇರುವ ದಾಖಲೆ ಅದೊಂದೇ. ಶಾಲಾ ತೋಟಗಳ ಫಲಕದಲ್ಲಿ ಕನ್ನಡ ಮತ್ತು ಮರಾಠಿ ಹೆಸರು, ಕುಲ ಮತ್ತು ಪ್ರಭೇದ, ಕುಟುಂಬ, ಪಕ್ಕದಲ್ಲಿ ‘ಎಪಿಜಿ 2016’ ಎಂದಿದ್ದರೆ ಸಾಕು. ವರ್ಷ ಬರೆದರೆ ನಾಳೆ ಬದಲಾದಾಗ ಯಾವುದು ಹಳತು ಎಂದು ಯಾರಿಗೂ ಗೊಂದಲವಾಗದು. ಪತ್ರಿಕೆಗೂ ಇದೇ ಮಾತು. ಪ್ರಭೇದ ಖಚಿತವಿಲ್ಲದಿದ್ದರೆ ಕುಲದ ಹೆಸರಿಗೇ ನಿಲ್ಲಿಸಿ. ಕಾಸ್‌ನಲ್ಲಿ ಕಂಡ ಕ್ಲೋರೊಫೈಟಮ್ ಎಲ್ಲವೂ ಬೋರಿವಿಲಿಯಾನಮ್ ಅಲ್ಲ.

ಕೊನೆಗೆ ಆ ಲೇಖನದ ದೊಡ್ಡ ಚಿತ್ರ. ‘ಅಳಿವಿನಂಚಿನ ಸಹ್ಯಾದ್ರಿಯ ಬಿಳಿ ಲಿಲಿ, ದಯವಿಟ್ಟು ಕೀಳಬೇಡಿ’ ಎಂದು ಅಡಿಬರಹವಿದೆ. ಚಿತ್ರದಲ್ಲಿ ಅಗಲ ಪಟ್ಟಿಯಂಥ ಎಲೆ, ದಾರದಂತೆ ನೀಳವಾದ ಬಿಳಿ ದಳ, ಕೇಸರಗಳ ಬುಡವನ್ನು ಕೂಡಿಸುವ ತೆಳು ಪೊರೆಯ ಬಟ್ಟಲು ಕಾಣುತ್ತವೆ. ಬಟ್ಟಲು ಇದೆ ಎಂದಾಗ ಕ್ರೈನಮ್ ಅಲ್ಲ. ಉಳಿಯುವುದು ಪ್ಯಾಂಕ್ರೇಷಿಯಮ್ ಅಥವಾ ಅಮೆರಿಕ ಮೂಲದ ಹೈಮೆನೊಕ್ಯಾಲಿಸ್. ಮೊದಲನೆಯದರ ಬೀಜ ಒಣ, ಕಪ್ಪು. ಎರಡನೆಯದರದು ಹಸಿರು, ರಸಭರಿತ. ಚಿತ್ರದ ಮೂಲೆಯಲ್ಲಿ ಹಸಿರು ಉಂಡೆಗಳು ಸ್ಪಷ್ಟವಾಗಿವೆ, ಹಿಂದೆ ಕಾಂಪೌಂಡ್ ಗೋಡೆಯೂ ಇದೆ. ಅದು ಹೌಸಿಂಗ್ ಸೊಸೈಟಿಗಳ ಅಂಚಿನಲ್ಲಿ ಸಾಲಾಗಿ ನೆಡುವ ಸ್ಪೈಡರ್ ಲಿಲಿ. ಕಿತ್ತರೆ ಮಾಲಿ ಬೈದಾನು, ಸಹ್ಯಾದ್ರಿಗೇನೂ ಆಗದು. ಆ ಅಡಿಬರಹ ನಿಜಕ್ಕೂ ಸಲ್ಲಬೇಕಾದದ್ದು ಮಹಾಬಳೇಶ್ವರದ ಕೇಟ್ಸ್ ಪಾಯಿಂಟ್ ಕಡೆಯ ಕ್ರೈನಮ್ ವುಡ್ರೋವಿಗೆ. ಪುಣೆಯ ಗಣೇಶಖಿಂಡ್ ಸಸ್ಯೋದ್ಯಾನವನ್ನು ನೋಡಿಕೊಂಡಿದ್ದ ವುಡ್ರೋ ಅವರ ಹೆಸರು ಹೊತ್ತ ಗಿಡವದು. ಮುಂದಿನ ಪುರವಣಿಯಲ್ಲಿ ತಿದ್ದುಪಡಿ ಹಾಕುವುದಾದರೆ ಆ ಹೂವಿನ ಚಿತ್ರವನ್ನೇ ಹಾಕಿ, ಬದಿಯಿಂದ ತೆಗೆದದ್ದನ್ನು.

ಇಂತಿ,
ಪುಣೆಯ ಕೆಲವು ಸಸ್ಯಶಾಸ್ತ್ರ ಅಧ್ಯಾಪಕ ಓದುಗರು